ಟೇಬಲ್ ಹಲಗೆಗೆ ಗ್ರೈಂಡರ್ ಹಿಡಿಯಬೇಡಿ

ಮರಗೆಲಸದ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹೋದ ಸಲ ಎರಡು ಸಾಲಿನಲ್ಲಿ ಉತ್ತರಿಸಿದ್ದೆ, ಸಾಲಲಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಆರು ಅಡಿಯ ಸಾಗುವಾನಿ ಊಟದ ಟೇಬಲ್ ಇದೆ. ಹಳೇ ಪಾಲಿಶ್ ಉಜ್ಜಿ ತೆಗೆದು ನಾನೇ ಹೊಸದಾಗಿ ಪಾಲಿಶ್ ಹಾಕಬೇಕು. ಮನೆಯಲ್ಲಿರುವ ಗ್ರೈಂಡರ್‌ಗೇ ಸ್ಯಾಂಡಿಂಗ್ ಡಿಸ್ಕ್ ಹಾಕಿದರೆ ಸಾಕು ಅಂತ ಅಂಗಡಿಯವರು ಹೇಳಿದರು. ಉಜ್ಜುವ ಪೇಪರ್ ಪಟ್ಟಿಯ ಹಾಗೆ ಸುತ್ತುವ ಬೆಲ್ಟ್ ಸ್ಯಾಂಡರ್ ತಗೋ ಅಂತ ಅಣ್ಣ ಹೇಳುತ್ತಾನೆ. ಯಾವುದು ಸರಿ?

ಎರಡೂ ಬೇಡ. 125 ಎಂಎಂ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ತಗೊಳ್ಳಿ, ಅಂದರೆ ಗುಂಡು ಪ್ಯಾಡಿಗೆ ಉಜ್ಜುವ ಪೇಪರ್ ಅಂಟಿಸುವ ಮಷಿನ್. ವೇಗ ಹೆಚ್ಚು ಕಡಿಮೆ ಮಾಡುವ ಚಕ್ರ ಇರಲಿ, ದೂಳಿನ ಡಬ್ಬಿ ಇರಲಿ. ಬಾಷ್, ಮಕಿಟಾ ಎರಡರಲ್ಲೂ ಇಂಥವು ಸಿಗುತ್ತವೆ. ನಿಮ್ಮೂರಲ್ಲಿ ಯಾವುದರ ಸರ್ವಿಸ್ ಇದೆಯೋ ಅದನ್ನೇ ಕೊಳ್ಳಿ.

ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಇರೋದು ಕಬ್ಬಿಣಕ್ಕೆ. ಡಿಸ್ಕಿನ ಅಂಚು ಒಂದು ಕ್ಷಣ ಜಾಸ್ತಿ ತಾಗಿದರೆ ಹಲಗೆಯಲ್ಲಿ ಗುಂಡಿ ಬೀಳುತ್ತದೆ. ಉಜ್ಜುವಾಗ ಕಾಣೋದಿಲ್ಲ. ಪಾಲಿಶ್ ಹಾಕಿ ಕಿಟಕಿ ಪಕ್ಕ ಇಟ್ಟಾಗ ಹಲಗೆ ಅಲೆ ಅಲೆಯಾಗಿ ಕಾಣುತ್ತದೆ. ಅಂಥ ಟೇಬಲನ್ನು ಮತ್ತೆ ಸಮ ಮಾಡಬೇಕಾದರೆ ಪೂರ್ತಿ ಹಲಗೆಗೆ ತೋಪಡ ಹೊಡೆಯಬೇಕು. ಒಳ್ಳೆ ಸಾಗುವಾನಿ ಸುಮ್ನೆ ಪುಡಿಯಾಗಿ ಹೋಗುತ್ತದೆ. ಡಿಸ್ಕ್ ಮಾರಿದವರು ಆಗ ನಿಮ್ಮ ಜೊತೆ ಇರೋದಿಲ್ಲ. ಮೊಬೈಲ್ ವಿಡಿಯೊದಲ್ಲಿ ಗ್ರೈಂಡರ್ ಹಿಡಿದು ಐದು ನಿಮಿಷದಲ್ಲಿ ಟೇಬಲ್ ಮುಗಿಸುವವರ ಮಾತು ನಂಬಬೇಡಿ.

ಬೆಲ್ಟ್ ಸ್ಯಾಂಡರ್ ಕೆಟ್ಟ ಮಷಿನ್ ಅಲ್ಲ. ಏರುಪೇರಾದ ದಪ್ಪ ಹಲಗೆಗಳನ್ನು ಸಮ ಮಾಡೋದಕ್ಕೆ ಅದು ಬೇಕು. ಆದರೆ ಕೈ ಪಳಗದವರು ಅದನ್ನು ಒಂದೇ ಕಡೆ ನಿಲ್ಲಿಸಿದರೆ ಹಳ್ಳ ಬೀಳುತ್ತದೆ. ಫಿನಿಶಿಂಗ್‌ಗೆ ಬೇಡ.

ರ‍್ಯಾಂಡಮ್ ಆರ್ಬಿಟ್‌ನಲ್ಲಿ ಪ್ಯಾಡ್ ಎರಡೂವರೆ, ಮೂರು ಎಂಎಂ ಅಗಲದ ಸಣ್ಣ ಸುತ್ತು ಹೊಡೆಯುತ್ತಲೇ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಗೀರು ಮತ್ತೆ ಮತ್ತೆ ಬೀಳೋದಿಲ್ಲ. ಆದರೆ ನೀವು ಒತ್ತಿದರೆ ಪ್ಯಾಡ್ ತಿರುಗೋದು ನಿಲ್ಲುತ್ತದೆ. ಆಗ ಹಲಗೆ ಮೇಲೆ ಮೊಳಕೆ ಬಂದ ಹೆಸರುಕಾಳಿನ ಬಾಲದಂಥ ಸುರುಳಿ ಗೀರುಗಳು ಏಳುತ್ತವೆ. ಕೈಯ ಭಾರ ಸಾಕು. ಒಂದು ಸೆಕೆಂಡಿಗೆ ಒಂದು ಇಂಚು, ಅಷ್ಟೇ ನಿಧಾನ. ಪೇಪರಿನ ತೂತು ಪ್ಯಾಡಿನ ತೂತಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ದೂಳು ಅಡಿಯಲ್ಲೇ ಸಿಕ್ಕಿ ಮರವನ್ನು ಗೀರುತ್ತದೆ.

ಮಷಿನ್‌ಗಿಂತ ಪೇಪರಿನ ಸರದಿ ಮುಖ್ಯ. ಜನ ಕೆಡಿಸಿಕೊಳ್ಳೋದು ಇಲ್ಲೇ. ಪೇಪರಿನ ನಂಬರ್ ಕಡಿಮೆಯಾದಷ್ಟೂ ಅದು ಒರಟು. ಮೊದಲು 80 ನಂಬರ್, ಆಮೇಲೆ 120, ಆಮೇಲೆ 180. ಬೇಕಿದ್ದರೆ 220. 80ರಿಂದ ನೇರ 220ಕ್ಕೆ ಹಾರಿದರೆ 80ರ ಗೀರು ಹಾಗೇ ಉಳಿಯುತ್ತದೆ. ಸ್ಟೇನ್, ಅಂದರೆ ಮರಕ್ಕೆ ಕೊಡುವ ಬಣ್ಣ, ಹಚ್ಚಿದ ತಕ್ಷಣ ಕಪ್ಪಗೆ ಎದ್ದು ಕಾಣುತ್ತದೆ. ಪ್ರತಿ ನಂಬರಿಗೆ ಮೊದಲು ಹಲಗೆ ತುಂಬ ಪೆನ್ಸಿಲ್‌ನಲ್ಲಿ ಹಗುರವಾಗಿ ಅಡ್ಡಗೆರೆ ಎಳೆಯಿರಿ. ಗೆರೆ ಎಲ್ಲ ಕಡೆ ಒಂದೇ ಸಮ ಅಳಿಸಿತೆಂದರೆ ಎಲ್ಲೂ ಬಿಟ್ಟಿಲ್ಲ ಅಂತ ಅರ್ಥ. ಆಮೇಲೆ ಟಾರ್ಚನ್ನು ಹಲಗೆಗೆ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟು ಗೀರು ಉಳಿದಿದೆಯಾ ನೋಡಿ. ಪೂರ್ತಿ ಒರೆಸಿ, ಮುಂದಿನ ನಂಬರಿಗೆ ಹೋಗಿ. 80ರ ಒಂದು ಹರಳು ಉಳಿದರೂ 180ರ ಕೆಲಸ ಹಾಳು. ಕೊನೆಯ ಕೈ ಮಾತ್ರ ಮಷಿನ್‌ನದಲ್ಲ. ಕೊನೆಗೆ ಬಳಸಿದ ಅದೇ ನಂಬರಿನ ಪೇಪರನ್ನು ಮರದ ತುಂಡಿಗೆ ಸುತ್ತಿ, ಮರದ ಎಳೆಯ ದಿಕ್ಕಿನಲ್ಲೇ ಕೈಯಿಂದ ಉಜ್ಜಿ.

ಇದಕ್ಕೆಲ್ಲ ಮೊದಲು ಟೇಬಲಿನ ಅಂಚು ನೋಡಿ. ಪ್ಲೈವುಡ್‌ನ ಪದರ ಕಂಡರೆ ಮೇಲಿರೋದು ಅರ್ಧ ಎಂಎಂ ಆಸುಪಾಸಿನ ವಿನೀರ್, ಅಂದರೆ ಅಂಟಿಸಿದ ತೆಳು ಮರದ ಹಾಳೆ ಮಾತ್ರ. ಅದಕ್ಕೆ 80 ನಂಬರ್ ತೋರಿಸಲೇ ಬೇಡಿ, ತೂತು ಬೀಳುತ್ತದೆ.

ಡ್ರಿಲ್ಲಿಗೆ ಸಿಕ್ಕಿಸುವ ರಬ್ಬರ್ ಪ್ಯಾಡ್ ಆಗುತ್ತಾ?

ಇಲ್ಲ.

1000 ನಂಬರ್‌ವರೆಗೆ ಉಜ್ಜಿದರೆ ಹೊಳಪು ಜಾಸ್ತಿ ಬರುತ್ತಲ್ವಾ?

ಬರಿಮರವನ್ನು ಅಷ್ಟು ನುಣುಪು ಮಾಡಿದರೆ ಸ್ಟೇನ್, ಎಣ್ಣೆ ಒಳಗೆ ಇಳಿಯೋದೇ ಇಲ್ಲ. ಹೊಳಪು ಬರೋದು ಪಾಲಿಶ್‌ನಿಂದ.

ಬಿರುಕಿಗೆ ಮರದ ಪುಡಿ, ಬಿಳಿ ಅಂಟು ಕಲಸಿ ತುಂಬಬಹುದಾ?

ಅಂಟು ಇದ್ದ ಜಾಗ ಸ್ಟೇನ್ ಹಿಡಿಯೋದಿಲ್ಲ, ತೇಪೆಯ ಹಾಗೆ ಕಾಣುತ್ತದೆ. ಬೇಡ.

ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಕಾ?

ಸಾಲದು. ಮರದ ದೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ದಿನಾ ಉಜ್ಜುವ ಕೆಲಸದವರಿಗೆ ಅಪಾಯ ಹೆಚ್ಚು, ಅವರಿಗೂ ಮಾಸ್ಕ್ ಕೊಡಿಸಿ. ಮೂಗಿಗೆ ಬಿಗಿಯಾಗಿ ಕೂರುವ ಎನ್95 ಬೇಕು. ಬೀಟೆ ಮರದ ದೂಳಿಗೆ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ, ತುಂಬುತೋಳಿನ ಅಂಗಿ ಹಾಕಿ.

ಅಜ್ಜನ ಕಾಲದ ಮೇಜಿನ ಮೇಲೆ ಹಸಿರು ಪೇಂಟ್ ಇದೆ. ಸ್ಯಾಂಡರ್‌ನಲ್ಲಿ ತೆಗೆಯಲಾ?

ದಯವಿಟ್ಟು ಬೇಡ. ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗ ಎಂಬ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿದರೆ ಆ ದೂಳು ಮನೆಯೆಲ್ಲ ಹರಡುತ್ತದೆ, ಮಕ್ಕಳ ಮಿದುಳಿಗೆ ಅದು ವಿಷ. ಮೇಜನ್ನು ಹೊರಗೆ ಒಯ್ದು ಪೇಂಟ್ ರಿಮೂವರ್ ಹಚ್ಚಿ. ಕೈಗವಸು ಹಾಕಿಕೊಂಡು, ಹಸಿಯಿದ್ದಾಗಲೇ ಕೆರೆದು ತೆಗೆಯಿರಿ. ಕೆರೆದದ್ದನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಮಕ್ಕಳನ್ನೂ ಬಸುರಿಯರನ್ನೂ ಆ ಹೊತ್ತು ಹತ್ತಿರ ಬಿಡಬೇಡಿ.