ಬುಟ್ಟಿ ತುಂಬಿದರೆ ಸಾಕೇ?

ಪ್ರಶ್ನೆ: ಹೊಳೆಯಲ್ಲಿ ಮರುವಾಯಿ (ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ ಹುದುಗಿರುವ ತಿನ್ನುವ ಚಿಪ್ಪುಜೀವಿ) ಕಮ್ಮಿಯಾಗಿದೆ ಎಂದು ಕೆಲವರು, ಬುಟ್ಟಿ ಮೊದಲಿನ ಹಾಗೆಯೇ ತುಂಬುತ್ತದಲ್ಲ ಎಂದು ಇನ್ನು ಕೆಲವರು. ಲೆಕ್ಕ ಹಾಕುವುದು ಹೇಗೆ? ಎಷ್ಟು ತೆಗೆಯಬಹುದು?
– ಓದುಗರು, ಉದ್ಯಾವರ

ಉತ್ತರ: ಬುಟ್ಟಿಯನ್ನು ನಂಬಬೇಡಿ. ಒಂದು ಕಡೆ ಖಾಲಿಯಾದರೆ ಹೆಕ್ಕುವವರು ದಟ್ಟವಿರುವ ಕಡೆಗೆ ಸರಿಯುತ್ತಾರೆ. ಕೊನೆಯ ಹೊಯಿಗೆ ದಿಬ್ಬ ಮುಗಿಯುವ ತನಕ ಬುಟ್ಟಿ ತುಂಬುತ್ತಲೇ ಇರುತ್ತದೆ.

50 ಸೆಂ.ಮೀ. ಚೌಕದ ಒಂದು ಚೌಕಟ್ಟು ಮಾಡಿ. ನೀರು ಇಳಿದಾಗ ದಿಬ್ಬಕ್ಕೆ ಅಡ್ಡವಾಗಿ ಹಗ್ಗ ಎಳೆದು, ಪ್ರತಿ ಹತ್ತು ಹೆಜ್ಜೆಗೊಮ್ಮೆ ಚೌಕಟ್ಟು ಇಡಿ. ಒಳಗಿನ ಹೊಯಿಗೆಯನ್ನು ಒಂದು ಗೇಣು ಅಗೆದು, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಎಣಿಸಿ. ಇಂಥ 20 ಚೌಕ ಸೇರಿದರೆ 5 ಚದರ ಮೀಟರ್. ಒಟ್ಟು 300 ಸಿಕ್ಕಿದರೆ ಚದರ ಮೀಟರಿಗೆ 60. ದಿಬ್ಬ 2,000 ಚದರ ಮೀಟರ್ ಇದ್ದರೆ ಸುಮಾರು 1,20,000. ಮರುವಾಯಿ ಗುಂಪು ಗುಂಪಾಗಿ ಇರುವುದರಿಂದ ಒಂದು ಚೌಕದಲ್ಲಿ ಸೊನ್ನೆ, ಪಕ್ಕದ್ದರಲ್ಲಿ 50 ಬರಬಹುದು. ಸೊನ್ನೆಯನ್ನೂ ಬರೆಯಲೇಬೇಕು. ಎಲ್ಲರೂ ತಪ್ಪುವುದು ಇಲ್ಲೇ, ಒಳ್ಳೆಯ ಜಾಗ ಹುಡುಕಿ ಚೌಕಟ್ಟು ಇಡುತ್ತಾರೆ.

ಸಿಕ್ಕಿದ್ದನ್ನು 5 ಮಿ.ಮೀ. ಅಂತರದಲ್ಲಿ ಗಾತ್ರವಾರು ಸಾಲು ಮಾಡಿ. ದೊಡ್ಡವು ಮಾತ್ರ ಕಾಣೆಯಾಗಿದ್ದರೆ ಮೊದಲು ಶಂಕಿಸಬೇಕಾದ್ದು ಹೆಕ್ಕುವಿಕೆಯನ್ನು. ಮರಿಗಳೇ ಇಲ್ಲದಿದ್ದರೆ ಹಿಂದಿನ ಸಂತಾನ ನೆಲೆಯೂರಿಲ್ಲ, ಅಥವಾ ನಿಮ್ಮ ಜರಡಿಯ ಕಣ್ಣು ದೊಡ್ಡದು!

ಸಂಖ್ಯೆ ಮಧ್ಯಮ ಮಟ್ಟದಲ್ಲಿದ್ದಾಗ ಬೆಳವಣಿಗೆ ಅತಿ ಹೆಚ್ಚು, ಆದ್ದರಿಂದ ಹೆಕ್ಕದೆ ಬಿಟ್ಟಾಗ ಇರುವ ಸಂಖ್ಯೆಯ ಅರ್ಧಕ್ಕೆ ಇಳಿಸಬಹುದು ಎನ್ನುತ್ತದೆ ಸಿದ್ಧಾಂತ. ಹೊಳೆಯಲ್ಲಿ ಅಷ್ಟು ಧೈರ್ಯ ಬೇಡ. ಮಳೆಗಾಲದ ಸಿಹಿನೀರು ದಿಬ್ಬವನ್ನೇ ಕೊಲ್ಲಬಲ್ಲದು. ಮೇಲಾಗಿ ಮರುವಾಯಿ ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತದೆ. ದೂರ ದೂರ ಉಳಿದ ಮರುವಾಯಿ ಬದುಕಿದ್ದರೂ ಅವುಗಳ ಮೊಟ್ಟೆ, ವೀರ್ಯ ಸೇರುವುದಿಲ್ಲ. ಎಲ್ಲ ಕಡೆ ತೆಳುವಾಗಿ ಉಳಿಸುವ ಬದಲು ಒಂದು ದಟ್ಟ ಭಾಗವನ್ನು ಮುಟ್ಟದೆ ಬಿಡಿ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ತನಕ ಮರುವಾಯಿ ತೆಗೆಯುವುದಕ್ಕೆ ರಜೆ, ಬಲೆಗೆ 30 ಮಿ.ಮೀ. ಕಣ್ಣು. ಅಲ್ಲಿನ ಮರುವಾಯಿಗೆ 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು.

ಪ್ರಶ್ನೆ: ಮಳೆಗಾಲದಲ್ಲಿ ಮೀನುಗಾರಿಕೆಗೆ 61 ದಿನದ ರಜೆ ಇದೆಯಲ್ಲ, ಸಣ್ಣ ಬೂತಾಯಿ (ಸಾರ್ಡೀನ್ ಮೀನು) ಹಿಡಿದರೇನು ತೊಂದರೆ?
– ಓದುಗರು, ಮಂಗಳೂರು

ಉತ್ತರ: ಜೂನ್ 1ರಿಂದ ಜುಲೈ 31ರ ರಜೆ ಮೊಟ್ಟೆ ಇಡುವ ಮೀನಿಗೆ ಅನುಕೂಲ. ಆ ಮೊಟ್ಟೆಯಿಂದ ಬಂದ ಮರಿಗಳೇ ಆಗಸ್ಟ್ ನಂತರ ಬಲೆಗೆ ಬಿದ್ದು ಫಿಶ್‌ಮೀಲ್‌ಗೆ (ಮೀನಿನ ಹಿಟ್ಟಿಗೆ) ಹೋದರೆ ಎರಡು ತಿಂಗಳು ಕಾದದ್ದು ದಂಡ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸೂಚಿಸಿದ ಕನಿಷ್ಠ ಉದ್ದ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಅಳೆಯುವುದು ಮೂತಿಯಿಂದ ಬಾಲದ ತುದಿವರೆಗೆ. 10 ದಾಟಿತೆಂದರೆ ಬೆಳೆಯಿತೆಂದಲ್ಲ, ಬೂತಾಯಿ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಆದಾಗ.