ಮಗನ ನಾಲಿಗೆ ಗುಲಾಬಿಯಾಗಿದೆ, ಹೊಟ್ಟೆಗೆ ಹೋದ ಬಣ್ಣ ಎಷ್ಟು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೊನ್ನೆ ಜಾತ್ರೆಯಲ್ಲಿ ಆರು ವರ್ಷದ ಮಗ ಗುಲಾಬಿ ಬಣ್ಣದ ಬಾಂಬೆ ಮಿಠಾಯಿ, ಆಮೇಲೆ ಒಂದು ಪ್ಲೇಟ್ ಗೋಬಿ ಮಂಚೂರಿ ತಿಂದ. ರಾತ್ರಿ ಹಲ್ಲುಜ್ಜಿಸಿದರೂ ನಾಲಿಗೆಯ ಬಣ್ಣ ಹೋಗಲಿಲ್ಲ. ಇದರಲ್ಲಿ ಎಷ್ಟು ಬಣ್ಣ ಇರುತ್ತೆ ಅಂತ ಮನೆಯಲ್ಲೇ ಅಳೆಯಬಹುದಾ? ಮಗುವಿಗೆ ತೊಂದರೆ ಆಗುತ್ತಾ?

ಉತ್ತರ: ಒಂದು ದಿನದ ಜಾತ್ರೆಗೆ ಗಾಬರಿ ಬೇಡ. ಮೈಮೇಲೆ ಗಂಧೆ ಎದ್ದರೆ, ಉಬ್ಬಸ ಬಂದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ನೀವು ‘ಎಷ್ಟು’ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ‘ಯಾವುದು’ ಎಂದು ಕೇಳಬೇಕು. ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಲು ಒಪ್ಪಿಗೆ ಇರುವ ಕೃತಕ ಬಣ್ಣಗಳು 8 ಮಾತ್ರ. ಬಾಂಬೆ ಮಿಠಾಯಿಯಲ್ಲಿ ಸಿಕ್ಕಿಬಿದ್ದ ರೊಡಮಿನ್-ಬಿ ಆ ಪಟ್ಟಿಯಲ್ಲೇ ಇಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ. ಅದಕ್ಕೆ ‘ಇಷ್ಟು ಇದ್ದರೆ ಪರವಾಗಿಲ್ಲ’ ಎಂಬ ಲೆಕ್ಕವೇ ಇಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೂ ಗೋಬಿಗೂ ಕೃತಕ ಬಣ್ಣ ಹಾಕಬಾರದು ಎಂದಿದ್ದು ನೆನಪಿರಬಹುದು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು.

ಇನ್ನು ಅಳೆಯುವ ವಿಚಾರ. ನಿಮ್ಮ ಕಡೆಯವರಿಗೆ ಇದನ್ನು ಅಡಿಕೆ ಹಂಡೆ ತೋರಿಸಿಯೇ ಹೇಳಬಹುದು. ಬೇಯಿಸಿದ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ನೀರಿನ, ಬಣ್ಣ ಹಿಡಿಯುತ್ತದೆ ಅಲ್ವಾ? ಲ್ಯಾಬಿನಲ್ಲಿ ಅಡಿಕೆಯ ಬದಲು ಬಿಳಿ ಉಣ್ಣೆ ದಾರ. ಆಹಾರದ ರಸಕ್ಕೆ ಸ್ವಲ್ಪ ಆಮ್ಲ ಸೇರಿಸಿ ದಾರವನ್ನು ಕುದಿಸಿದರೆ ಬಣ್ಣ ದಾರಕ್ಕೆ ಹತ್ತುತ್ತದೆ. ಅಮೋನಿಯಾ ನೀರಿನಲ್ಲಿ ಅದನ್ನು ಬಿಡಿಸಿಕೊಂಡು, ವಿಶೇಷ ಕಾಗದದ ಮೇಲೆ ಹರಿಯಲು ಬಿಡುತ್ತಾರೆ. ಒಂದೊಂದು ಬಣ್ಣ ಒಂದೊಂದು ಎತ್ತರಕ್ಕೆ ಏರುತ್ತದೆ. ‘ಯಾವುದು’ ಎಂದು ಗೊತ್ತಾಗುವುದು ಅಲ್ಲಿ. ‘ಎಷ್ಟು’ ಎಂಬುದಕ್ಕೂ ಚೊಗರೇ ಉದಾಹರಣೆ. ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದರೆ ತೆಳು ಚೊಗರು ಬೆಳಕು ಬಿಡುತ್ತದೆ, ಗಟ್ಟಿ ಚೊಗರು ತಡೆಯುತ್ತದೆ. ಆ ತಡೆಯನ್ನು ಅಂಕಿಯಲ್ಲಿ ಹೇಳುವ ಯಂತ್ರ ಲ್ಯಾಬಿನಲ್ಲಿದೆ.

ಮನೆಯಲ್ಲಿ ಇಷ್ಟೆಲ್ಲ ಆಗದು. ಖಾರದಪುಡಿ, ಎಣ್ಣೆ, ಸಾಸ್ ಎಲ್ಲ ಸೇರಿದ ಗೋಬಿಯಲ್ಲಂತೂ ಕಣ್ಣಂದಾಜು ಸುಮ್ನೆ ಮೋಸ. ಬಾಂಬೆ ಮಿಠಾಯಿಯನ್ನು ನೀರಿನಲ್ಲಿ ಕರಗಿಸಿ, ಕಳ್ಳನೋಟು ನೋಡುವ ನೇರಳೆ ದೀಪದ ಕೆಳಗೆ ಇಡಬಹುದು. ನೀರು ಕಿತ್ತಳೆಯಾಗಿ ಹೊಳೆದರೆ ರೊಡಮಿನ್ ಇರುವ ಅನುಮಾನ ಪಡಿ. ತೀರ್ಪು ಮಾತ್ರ ಕೊಡಬೇಡಿ. ಬೇರೆ ಕೆಲವು ಬಣ್ಣಗಳೂ ಹೊಳೆಯುತ್ತವೆ.

ಒಪ್ಪಿಗೆ ಇರುವ ಬಣ್ಣದಲ್ಲಿ ಮಗುವಿನ ತೂಕವೇ ಲೆಕ್ಕ. ಸನ್‌ಸೆಟ್ ಯೆಲ್ಲೋಗೆ ದಿನದ ಮಿತಿ ಕೆಜಿ ತೂಕಕ್ಕೆ 4 ಮಿಲಿಗ್ರಾಂ. 18 ಕೆಜಿಯ ಹುಡುಗನಿಗೆ 72. ಒಂದು ಕೆಜಿ ಗೋಬಿಗೆ ಈ ಬಣ್ಣದ ಪುಡಿ ಕಾಲು ಗ್ರಾಂ ಬಿದ್ದಿದೆ ಎಂದಿಟ್ಟುಕೊಳ್ಳಿ. 150 ಗ್ರಾಂ ಪ್ಲೇಟಿನಲ್ಲೇ ಸುಮಾರು 37 ಮಿಲಿಗ್ರಾಂ ಆಯಿತು, ಅರ್ಧ ಮಿತಿ. ಅದೇ ಬೇಕರಿ ಚೆರ್ರಿಗೆ ಹಾಕುವ ಎರಿಥ್ರೊಸಿನ್ ಆದರೆ ಅವನ ದಿನದ ಮಿತಿ 1.8 ಮಿಲಿಗ್ರಾಂ ಅಷ್ಟೇ. ‘ಯಾವುದು’ ಎಂದು ಮೊದಲು ಕೇಳಬೇಕು ಎಂದಿದ್ದು ಇದಕ್ಕೇ.

ಮಿತಿಯೊಳಗಿದ್ದರೂ ಎಲ್ಲ ಮಕ್ಕಳಿಗೂ ಒಗ್ಗುತ್ತದೆ ಎಂದಲ್ಲ. ಟಾರ್ಟ್ರಜಿನ್ ಹಳದಿ ಕೆಲವರಿಗೆ ಗಂಧೆ ಎಬ್ಬಿಸುತ್ತದೆ. ಕೆಲವು ಬಣ್ಣಗಳ ಮಿಶ್ರಣ ಕುಡಿದ ಮಕ್ಕಳಲ್ಲಿ ಚಂಚಲತೆ ತುಸು ಜಾಸ್ತಿಯಾಗಿದ್ದು 2007ರ ಬ್ರಿಟನ್ ಅಧ್ಯಯನದಲ್ಲಿ ಕಂಡಿತ್ತು.

ಅನುಮಾನ ಬಲವಾಗಿದ್ದರೆ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಇದೆ. ನಿಮ್ಮಂಥ ಗ್ರಾಹಕರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಹಣ ವಾಪಸ್. ಒಂದೇ ತೊಡಕು, ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಅಂಗಡಿಯವರಿಗೆ ಹೇಳಬೇಕು. ಅಷ್ಟು ಹೇಳಿದ ಮೇಲೂ ಅವರು ಮಿಠಾಯಿ ಕೈಗೆ ಕೊಡುತ್ತಾರಾ ನೋಡಿ!