ತಡೆ, ತಡಿ, ತಡೆಯಾಜ್ಞೆ: ಎಲ್ಲಾ ಒಂದೇನಾ?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕು. ಆರೋಗ್ಯ ಕೇಂದ್ರದ ಗೋಡೆ ಮೇಲೆ ‘ರೋಗ ತಡೆಗಟ್ಟಿ’ ಅಂತ ಬರೆದಿದೆ. ಹೊಲದ ವ್ಯಾಜ್ಯಕ್ಕೆ ತಡೆಯಾಜ್ಞೆ ತಂದೆವು ಅಂತ ಜನ ಹೇಳುತ್ತಾರೆ. ಮನೆಯಲ್ಲಿ ಅವ್ವ ‘ತಡಿ, ಬಂದೆ’ ಅನ್ನುತ್ತಾಳೆ. ಇದೆಲ್ಲಾ ಒಂದೇ ಪದನಾ? ತಡೆ, ನಿವಾರಣೆ ಎರಡೂ ಒಂದೇ ಅಲ್ವಾ?
(ಓದುಗರೊಬ್ಬರು, ವಿಜಯಪುರ ಜಿಲ್ಲೆ)

ಉತ್ತರ: ನೀವು ಹೇಳಿದ ಮೂರೂ ಕಡೆ ಇರುವುದು ಒಂದೇ ಪದ, ಅಚ್ಚ ಕನ್ನಡದ್ದು. ಆದರೆ ನಿವಾರಣೆ ಬೇರೆ.

ತಡೆ ಅಂದರೆ ನಿಲ್ಲಿಸು, ಮುಂದೆ ಹೋಗಲು ಬಿಡಬೇಡ. ಅವ್ವ ‘ತಡಿ’ ಅಂದಾಗಲೂ ಅದೇ, ಇದ್ದಲ್ಲೇ ನಿಲ್ಲು ಅಂತ. ಇದಕ್ಕೆ ‘ಕಟ್ಟು’ ಸೇರಿ ತಡೆಗಟ್ಟು ಆಯಿತು. ಮಳೆಗಾಲಕ್ಕೆ ಮುಂಚೆಯೇ ಹೊಲಕ್ಕೆ ಒಡ್ಡು ಹಾಕುತ್ತೀರಲ್ಲ, ಅದು ತಡೆಗಟ್ಟುವುದು. ಮಣ್ಣು ಕೊಚ್ಚಿಕೊಂಡು ಹೋದ ಮೇಲೆ ಮಾಡುವ ಕೆಲಸಕ್ಕೆ ಆ ಮಾತು ಒಪ್ಪುವುದಿಲ್ಲ. ನಿವಾರಣೆಗೆ ಸಂಸ್ಕೃತದಲ್ಲಿ ತಡೆಯುವುದು ಅನ್ನುವ ಅರ್ಥವೂ ಇದೆ, ಆದರೆ ನಮ್ಮ ಬಳಕೆಯಲ್ಲಿ ಅದು ಬಂದದ್ದನ್ನು ಹೋಗಲಾಡಿಸುವುದು. ನೋವು ನಿವಾರಕ ಮಾತ್ರೆಯನ್ನು ನೋವು ಬಂದ ಮೇಲೆ ನುಂಗುತ್ತೇವೆ, ಪೋಲಿಯೊ ಹನಿಯನ್ನು ಪೋಲಿಯೊ ಬರುವ ಮೊದಲೇ ಹಾಕಿಸುತ್ತೇವೆ. ಭಾರತ ಪೋಲಿಯೊ ಮುಕ್ತ ಅಂತ 2014ರಲ್ಲಿ ಪ್ರಮಾಣಪತ್ರ ಸಿಕ್ಕಿದ್ದು ಆ ಹನಿಯಿಂದ, ಅಂದರೆ ತಡೆಯಿಂದ.

ಇನ್ನೊಂದು ಅರ್ಥ ನನಗೆ ಬಹಳ ಇಷ್ಟ. ತಡೆ ಅಂದರೆ ಸಹಿಸು ಅಂತಲೂ ಆಗುತ್ತದೆ. ‘ಈ ಬಿಸಿಲು ತಡೆಯೋಕಾಗಲ್ಲ’ ಅನ್ನುತ್ತೇವೆ. ನಿಮ್ಮ ಕಡೆ ಹಿಂಗಾರಿಗೆ ಬಿತ್ತುವ ಮಾಲದಂಡಿ ಜೋಳ ಬರ ತಡೆಯುತ್ತದೆ ಅಂದರೆ ಅದು ಬರ ಬಾರದ ಹಾಗೆ ಮಾಡುತ್ತದೆ ಅಂತಲ್ಲ, ಬರ ಬಂದರೂ ಕಪ್ಪು ಮಣ್ಣಿನ ತೇವ ಹಿಡಿದು ಬದುಕಿಕೊಳ್ಳುತ್ತದೆ ಅಂತ. ಒಂದೇ ಪದ, ಎಷ್ಟು ವ್ಯತ್ಯಾಸ ನೋಡಿ!

ಈಗ ಕೋರ್ಟಿನ ಮಾತು. ಇಲ್ಲಿ ಗೊಂದಲ ಮಾಡಿಕೊಂಡರೆ ದುಡ್ಡು, ನೆಮ್ಮದಿ ಎರಡೂ ಹೋಗುತ್ತವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ತಡೆಯಾಜ್ಞೆ ಸಿಕ್ಕಿತು ಅಂದರೆ ಕೇಸು ಗೆದ್ದೆವು ಅಂತ ಎಷ್ಟೋ ಜನ ಪೇಡೆ ಹಂಚುತ್ತಾರೆ. ಅದು ಗೆಲುವಲ್ಲ. ಸದ್ಯಕ್ಕೆ ಇದ್ದದ್ದು ಇದ್ದ ಹಾಗೆ ಇರಲಿ, ವಿಚಾರಣೆ ಮುಗಿಯುವವರೆಗೆ ಯಾರೂ ಹೊಲ ಮಾರಬೇಡಿ, ಬದು ಒಡೆಯಬೇಡಿ ಅಂತ ಕೋರ್ಟು ಹೇಳುವುದು. ಹೊಲ ಯಾರದು ಅಂತ ಇನ್ನೂ ತೀರ್ಮಾನ ಆಗಿರುವುದೇ ಇಲ್ಲ. ಕೆಳಗಿನ ಕೋರ್ಟಿನ ತೀರ್ಪಿಗೆ ಮೇಲಿನ ಕೋರ್ಟು ತಡೆ ಕೊಟ್ಟರೂ ಅಷ್ಟೇ, ತೀರ್ಪು ರದ್ದಾಗುವುದಿಲ್ಲ, ಜಾರಿ ಮಾತ್ರ ನಿಲ್ಲುತ್ತದೆ. ಆದೇಶ ಕೈಗೆ ಬಂದಾಗ ಅದು ಎಲ್ಲಿಯವರೆಗೆ ಅಂತ ವಕೀಲರನ್ನು ಕೇಳಿ, ಮುಂದಿನ ತಾರೀಖು ತಪ್ಪಿಸಬೇಡಿ. ನಿಷೇಧಾಜ್ಞೆ ಮತ್ತೆ ಬೇರೆ: ಗಲಾಟೆ ಆಗುವ ಭಯ ಇದ್ದಾಗ ಜನ ಗುಂಪು ಸೇರಬಾರದು ಅಂತ ಅಧಿಕಾರಿಗಳು ಹೊರಡಿಸುವುದು. ಜನರ ಬಾಯಲ್ಲಿ ಅದು ಈಗಲೂ 144 ಸೆಕ್ಷನ್ನೇ, ಆದರೆ 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ ಅದು 163ನೇ ಕಲಂ.

ಬರೆಯುವಾಗ ‘ತಡೆ’ ಅಂತಲೇ ಬರೆಯಿರಿ, ಮಾತಾಡುವಾಗ ‘ತಡಿ’ ಅಂದರೆ ತಪ್ಪೇನಿಲ್ಲ. ಹೊಳೆಯ ತಡಿ ಅನ್ನುವಾಗ ಮಾತ್ರ ‘ತಡಿ’ಯೇ ಸರಿ, ಅಲ್ಲಿ ಅದಕ್ಕೆ ದಂಡೆ ಅಂತ ಅರ್ಥ.